ಬೀದಿದೀಪದ ಟೆಂಡರ್: ಹಸಿರು ಷರತ್ತು ಬರೆದ ಬಗೆ

ಕರ್ನಾಟಕದಲ್ಲಿ ಇ-ಟೆಂಡರ್ 2007ರಿಂದ ಇದೆ. ಈಗ ನಮ್ಮ ಕೆಲಸವೆಲ್ಲ ರಾಜ್ಯದ ಸರ್ಕಾರಿ ಖರೀದಿಯ ಕೆಪಿಪಿಪಿ ಪೋರ್ಟಲ್‌ನಲ್ಲಿ. ಟೆಂಡರ್ ಹಾಕಲು ಬಂದವರನ್ನು ಕಚೇರಿ ಬಾಗಿಲಲ್ಲೇ ತಡೆಯುವ ಆಟ ಇದರಿಂದ ನಿಂತಿತು, ಅದೇನೂ ಸಣ್ಣ ಮಾತಲ್ಲ. ಆದರೆ ಪೋರ್ಟಲ್ ತಾನಾಗಿ ಪರಿಸರ ಕಾಯುವುದಿಲ್ಲ. ತಾಂತ್ರಿಕ ಲಕೋಟೆಯಲ್ಲಿ (ಅರ್ಹತೆ, ಗುಣಮಟ್ಟದ ದಾಖಲೆಗಳ ಭಾಗ) ಪಾಸಾದವರಲ್ಲಿ ಕಡಿಮೆ ದರ ಯಾರದೋ, ಆ ಎಲ್-1ಗೇ ಕೆಲಸ. ಲಕೋಟೆ ತೆರೆದ ಮೇಲೆ ‘ಒಳ್ಳೆಯ ಮಾಲು ಕೊಡಿ’ ಅಂದರೆ ಯಾರು ಕೇಳ್ತಾರೆ?

ನಮ್ಮ ಪುರಸಭೆಯಲ್ಲಿ ಸೋಡಿಯಂ ದೀಪ ತೆಗೆದು ಎಲ್‌ಇಡಿ ಹಾಕಿಸುವಾಗ ‘ಪರಿಸರಸ್ನೇಹಿ’ ಎಂಬ ಪದವನ್ನೇ ನಾನು ಬಳಸಲಿಲ್ಲ. ಅದಕ್ಕೆ ಎಲ್ಲರೂ ಸುಮ್ನೆ ‘ಹೌದು’ ಅಂತ ಅಪ್‌ಲೋಡ್ ಮಾಡುತ್ತಾರೆ. ಬದಲಿಗೆ ವ್ಯಾಟಿಗೆ ಕನಿಷ್ಠ 130 ಲ್ಯೂಮೆನ್ (ಬೆಳಕಿನ ಅಳತೆ), ಮಳೆ-ಧೂಳು ತಡೆಯಲು ಐಪಿ 66, ಐದು ವರ್ಷದ ವಾರಂಟಿ ಎಂದು ಬರೆದೆ. ಜೊತೆಗೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನ ಎಲ್‌ಎಂ-79 ವರದಿ, ಅಂದರೆ ದೀಪದ ಬೆಳಕು, ವಿದ್ಯುತ್ ಬಳಕೆ ಅಳೆದ ಪರೀಕ್ಷಾ ವರದಿ, ಕೇಳಿದೆ. ವರದಿಯಲ್ಲಿ ಮೊದಲು ನೋಡುವುದು ಮಾಡೆಲ್ ನಂಬರ್. ಒಂದು ಮಾಡೆಲ್‌ನ ವರದಿ ತೋರಿಸಿ ಇನ್ನೊಂದನ್ನು ಕಂಬಕ್ಕೆ ಏರಿಸುವವರು ಇದ್ದಾರೆ.

130 ಯಾಕೆ ಅಂತ ಟೆಂಡರ್ ಹಾಕುವ ಮುಂಚಿನ ಪ್ರೀ-ಬಿಡ್ ಸಭೆಯಲ್ಲಿ ತಕರಾರು ಬಂತು. ‘ನೂರು ಸಾಕಲ್ವಾ ಸಾರ್?’ ಲೆಕ್ಕ ಮುಂದಿಟ್ಟೆ. 9,000 ಲ್ಯೂಮೆನ್ ಬೆಳಕಿಗೆ ನೂರರ ದೀಪ 90 ವ್ಯಾಟ್ ತಿನ್ನುತ್ತದೆ, 130ರದ್ದು ಸುಮಾರು 70. ರಾತ್ರಿಗೆ 11 ಗಂಟೆ ಉರಿದರೆ ವರ್ಷಕ್ಕೆ ಒಂದು ದೀಪದಲ್ಲೇ 80 ಯೂನಿಟ್ ಉಳಿತಾಯ. ಆ ಬಿಲ್ ಕಟ್ಟುವವರು ಗುತ್ತಿಗೆದಾರರಲ್ಲ, ನಾವು. ಷರತ್ತು ಹಾಗೇ ಉಳಿಯಿತು. ಆದರೆ ಅಷ್ಟು ಕೊಡಬಲ್ಲ ಕಂಪನಿಗಳು ಹಲವು ಇವೆಯೇ ಎಂದು ಮೊದಲೇ ವಿಚಾರಿಸಿದ್ದೆ. ಒಬ್ಬರಿಗೇ ಹೊಂದುವ ಷರತ್ತು ಹಾಕಿದರೆ ಹಸಿರು ಹೆಸರಲ್ಲಿ ಹಳೇ ದಂಧೆಯೇ.

ಹೆಚ್ಚು ತಲೆ ತಿಂದದ್ದು ಇಳಿಸಿದ ದೀಪಗಳು. ಅವುಗಳಲ್ಲಿ ಪಾದರಸವಿದೆ. ಗುಜರಿಗೆ ಹೋದರೆ ಒಡೆದು ಅಲ್ಯೂಮಿನಿಯಂ, ತಾಮ್ರ ತೆಗೆದುಕೊಂಡು ಗಾಜನ್ನು ಎಲ್ಲೋ ಚೆಲ್ಲುತ್ತಾರೆ. ಹಾಗಾಗಿ ಹಳೆಯದನ್ನು ಎಣಿಸಿ ಒಪ್ಪಿಸಬೇಕು, ಮಾನ್ಯತೆ ಪಡೆದ ಇ-ತ್ಯಾಜ್ಯ ಮರುಬಳಕೆ ಘಟಕದ ರಸೀದಿ ತರಬೇಕು, ಅಲ್ಲಿವರೆಗೆ ಕೊನೆಯ ಬಿಲ್ ಇಲ್ಲ ಎಂದು ಸೇರಿಸಿದೆ. ಸಾಗಣೆ ಖರ್ಚನ್ನು ಪ್ರತ್ಯೇಕ ಐಟಂ ಆಗಿ ಕೆಲಸ-ಪ್ರಮಾಣಗಳ ಪಟ್ಟಿಯಾದ ಬಿಒಕ್ಯೂನಲ್ಲೇ ತೋರಿಸಿದೆ. ಇಲ್ಲದಿದ್ದರೆ ಆ ಖರ್ಚು ಉಳಿಸಲು ದೀಪ ಮತ್ತೆ ಗುಜರಿ ದಾರಿಯನ್ನೇ ಹಿಡಿಯುತ್ತದೆ.

ದರ ಸ್ವಲ್ಪ ಜಾಸ್ತಿಯೇ ಬಂತು. ಆಡಿಟ್‌ನವರು ಕೇಳಿದಾಗ ಆ 80 ಯೂನಿಟ್ ಲೆಕ್ಕದ ಹಾಳೆಯನ್ನೇ ಕಡತದಿಂದ ತೆಗೆದು ತೋರಿಸಿದೆ.