ಐಸ್ ಕಟ್ಟಿದ ಫ್ರೀಜರ್‌ಗೆ ಚಾಕು ಹಾಕಬೇಡಿ

ಸಿಂಗಲ್ ಡೋರ್ ಫ್ರಿಜ್ ಇರುವ ಮನೆಯಲ್ಲಿ ಐಸ್ ಕೆರೆಯಲು ಚಾಕು ಹಿಡಿದು ನಿಲ್ಲುವವರು ಒಬ್ಬರಾದರೂ ಇರುತ್ತಾರೆ. ಐಸ್ ಟ್ರೇ ತಳಕ್ಕೆ ಅಂಟಿಕೊಂಡಿದೆ, ಎಳೆದರೆ ಬರಲ್ಲ, ಸರಿ, ಒಂದು ಏಟು. ಬುಸ್ ಅಂತ ಸದ್ದು ಬಂದರೆ ಮುಗಿಯಿತು, ಫ್ರಿಜ್ ತಂಪು ಮಾಡುವ ಗ್ಯಾಸ್ ಹೋಯಿತು.

ಈ ಫ್ರಿಜ್‌ಗಳಲ್ಲಿ ತಂಪು ಹುಟ್ಟುವುದೇ ಫ್ರೀಜರ್ ಪೆಟ್ಟಿಗೆಯ ಗೋಡೆಯಲ್ಲಿ. ಎರಡು ತೆಳು ಅಲ್ಯೂಮಿನಿಯಂ ಹಾಳೆ ಬೆಸೆದು ನಡುವೆ ಸಣ್ಣ ಕಾಲುವೆ ಬಿಟ್ಟಿರುತ್ತಾರೆ. ದ್ರವವಾಗಿ ಬಂದ ಗ್ಯಾಸ್ ಅಲ್ಲಿ ಆವಿಯಾಗುತ್ತಾ ಒಳಗಿನ ಶಾಖ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಕೊಳವೆಗೆ ದೂಡಿದಾಗ ಆ ಶಾಖ ಹೊರಬೀಳುತ್ತದೆ. ಫ್ರಿಜ್‌ನ ಹಿಂಭಾಗವೋ ಪಕ್ಕವೋ ಬೆಚ್ಚಗಿರುವುದು ಅದಕ್ಕೇ. ಬಾಗಿಲು ತೆರೆದಾಗ ನುಗ್ಗುವ ತೇವದ ಗಾಳಿ ತಣ್ಣನೆ ಗೋಡೆ ಮೇಲೆ ಐಸ್ ಆಗುತ್ತದೆ. ಅದು ದಪ್ಪವಾದಷ್ಟೂ ಗೋಡೆಗೆ ಕಂಬಳಿ ಹೊದಿಸಿದ ಹಾಗೆ. ಕಂಪ್ರೆಸರ್ ಜಾಸ್ತಿ ಹೊತ್ತು ಓಡಬೇಕು, ಕರೆಂಟ್ ಬಿಲ್ಲೂ ಏರುತ್ತದೆ. 5-6 ಮಿ.ಮೀ. ಆಯಿತೆಂದರೆ ಕರಗಿಸಿಬಿಡಿ.

ಮೊದಲು ಎಲ್ಲ ಖಾಲಿ ಮಾಡಿ, ಪ್ಲಗ್ ಕೀಳಿ. ಥರ್ಮೋಸ್ಟಾಟ್, ಅಂದರೆ ತಂಪು ಹೆಚ್ಚು-ಕಡಿಮೆ ಮಾಡುವ ಗುಂಡಿಯ ನಡುವಿನ ಡಿಫ್ರಾಸ್ಟ್ (ಐಸ್ ಕರಗಿಸುವ) ಬಟನ್ ಒತ್ತಿದರೂ ಕಂಪ್ರೆಸರ್ ನಿಲ್ಲುತ್ತದೆ, ಆದರೆ ದಪ್ಪ ಐಸ್‌ಗೆ ಪ್ಲಗ್ ಕೀಳುವುದೇ ವಾಸಿ.

ಐಸ್ ಕರಗುವ ತನಕ ಕಾಯಬೇಕಲ್ಲ, ಆತುರ ಶುರುವಾಗುವುದು ಇಲ್ಲೇ. ಒಳಗೆ ಮಡಿಸಿದ ಬಟ್ಟೆ ಹಾಸಿ, ಅದರ ಮೇಲೆ ಬಿಸಿನೀರಿನ ಸ್ಟೀಲ್ ಪಾತ್ರೆ ಇಟ್ಟು ಫ್ರೀಜರ್ ಮುಚ್ಚಳ ಹಾಕಿ. ಕಾಲು ಗಂಟೆಗೊಮ್ಮೆ ನೀರು ಬದಲಿಸಿ. ಅಂಚಿನ ಐಸ್ ಮೊದಲು ಸಡಿಲವಾಗುತ್ತದೆ. ಬೆರಳಿಂದ ಮೆಲ್ಲಗೆ ಒತ್ತಿ, ತಾನಾಗಿ ಕಳಚಿದ್ದನ್ನಷ್ಟೇ ತೆಗೆಯಿರಿ. ಒತ್ತಿದರೂ ಬರದಿದ್ದರೆ ಬಿಡಿ, ಇನ್ನೊಂದು ಪಾತ್ರೆ ಬಿಸಿನೀರು ಸಾಕು. ಕಲ್ಲುಪ್ಪು ಎರಚುವವರಿದ್ದಾರೆ, ಐಸ್ ಬೇಗ ಕರಗುವುದೇನೋ ನಿಜ, ಅಲ್ಯೂಮಿನಿಯಂ ಕೂಡ ತಿಂದುಹೋಗುತ್ತದೆ. ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ, ನೀರು ಸೋರುವ ಕಡೆ ಕರೆಂಟ್ ಸಾಮಾನು ಯಾಕೆ? ಐಸ್ ಕೆರೆಯಲೆಂದೇ ಮಾರುವ ಪ್ಲಾಸ್ಟಿಕ್ ಸಲಿಕೆಯೂ ಸುಮ್ನೆ ದಂಡ.

ಈಗಿನ ಎಷ್ಟೋ ಫ್ರಿಜ್‌ಗಳಲ್ಲಿರುವ ಆರ್-600ಎ ಗ್ಯಾಸ್ ಹೊತ್ತಿಕೊಳ್ಳುವಂಥದ್ದು. ಅಕಸ್ಮಾತ್ ತೂತಾದರೆ ಒಲೆ ಹಚ್ಚಬೇಡಿ, ಸ್ವಿಚ್ ಮುಟ್ಟಬೇಡಿ, ಕಿಟಕಿ ತೆರೆಯಿರಿ.

ನೀರು ತರಕಾರಿ ಡಬ್ಬಕ್ಕೆ ಸುರಿಯುತ್ತಿದ್ದರೆ ಹಿಂದಿನ ಗೋಡೆಯ ಡ್ರೈನ್ ತೂತು ಕಟ್ಟಿಕೊಂಡಿದೆಯೇ ನೋಡಿ. ಅಲ್ಲಿ ಕೊತ್ತಂಬರಿ ಎಲೆಯೇ ಸಿಗುವುದು ಹೆಚ್ಚು.

ಒರೆಸಿ ಒಣಗಿಸಿ, ಪ್ಲಗ್ ಹಾಕಿ, ಪೆಟ್ಟಿಗೆ ಚೆನ್ನಾಗಿ ತಣ್ಣಗಾದ ಮೇಲೆ ಸಾಮಾನು ಇಡಿ. ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ರಬ್ಬರ್ ಗ್ಯಾಸ್ಕೆಟ್ ಸಡಿಲಾಗಿದೆ. ಅದನ್ನು ಬದಲಿಸದಿದ್ದರೆ ಐಸ್ ಮತ್ತೆ ಬೇಗನೇ ಕಟ್ಟುತ್ತದೆ.