ಕುದುರೆಮುಖದ ಅದಿರಿನ ಎಲೆಕ್ಟ್ರಾನ್‌ಗಳನ್ನು ಮನೆಯ ಕಂಪ್ಯೂಟರಿನಲ್ಲಿ ಸಾಲು ನಿಲ್ಲಿಸಿದ್ದು

ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಅಗೆಯುತ್ತಿದ್ದದ್ದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ಬೆಟ್ಟದ ಮೇಲಿನ ಗಣಿಯ ಜಗಳ ಮಲೆನಾಡಿನವರಿಗೆಲ್ಲ ಗೊತ್ತು. ಅದಿರಿನ ಒಳಗಿನ ಜಗಳ ಇನ್ನೂ ಹಳೆಯದು. ಈ ಹರಳನ್ನು ಸುಮಾರು 120 ಕೆಲ್ವಿನ್‌ಗಿಂತ (ಮೈನಸ್ 153 ಡಿಗ್ರಿ ಸೆಲ್ಸಿಯಸ್) ಕೆಳಕ್ಕೆ ತಣಿಸಿದರೆ ಅದರಲ್ಲಿ ಕರೆಂಟ್ ಹರಿಯುವುದು ನೂರು ಪಟ್ಟು ಕುಸಿಯುತ್ತದೆ. ಓಡಾಡುತ್ತಿದ್ದ ಎಲೆಕ್ಟ್ರಾನ್‌ಗಳು ಒಂದು ಕ್ರಮದಲ್ಲಿ ನಿಂತುಬಿಡುತ್ತವೆ ಎಂದು 1939ರಲ್ಲಿ ಡಚ್ ವಿಜ್ಞಾನಿ ವರ್ವೆ ಹೇಳಿದರು. ಎಂತಹ ಕ್ರಮ ಎಂಬ ಚರ್ಚೆ ದಶಕಗಟ್ಟಲೆ ನಡೆಯಿತು.

ಸಾಗರದ ಮನೆಯಲ್ಲಿ, ಸಾಧಾರಣ ಡೆಸ್ಕ್‌ಟಾಪಿನಲ್ಲಿ, ವಸ್ತುಗಳೊಳಗಿನ ಎಲೆಕ್ಟ್ರಾನ್‌ಗಳ ಲೆಕ್ಕ ಹಾಕುವ ಕ್ವಾಂಟಮ್ ಎಸ್ಪ್ರೆಸ್ಸೊ ಎಂಬ ಉಚಿತ ತಂತ್ರಾಂಶದಿಂದ ನಾನು ಈ ಕ್ರಮವನ್ನು ಲೆಕ್ಕ ಹಾಕಿ ನೋಡಿದೆ. ತೆಗೆದುಕೊಂಡಿದ್ದು 14 ಪರಮಾಣುಗಳ ಚಿಕ್ಕ ಕೋಶ, ಅಂದರೆ ಹರಳಿನಲ್ಲಿ ಮತ್ತೆ ಮತ್ತೆ ಬರುವ ಘಟಕ: ಆರು ಕಬ್ಬಿಣ, ಎಂಟು ಆಮ್ಲಜನಕ. ಎರಡು ಕಬ್ಬಿಣದ ಕಾಂತತೆ ಕೆಳಮುಖ, ಉಳಿದ ನಾಲ್ಕರದ್ದು ಮೇಲ್ಮುಖ. ಕಸರತ್ತೆಲ್ಲ ಈ ನಾಲ್ಕರಲ್ಲೇ. ಇವಕ್ಕೆ ಹಂಚಲು ಹೆಚ್ಚುವರಿ ಎಲೆಕ್ಟ್ರಾನ್ ಇರುವುದು ಎರಡೇ.

ಸುಮ್ನೆ ಲೆಕ್ಕ ಓಡಿಸಿದರೆ ಕ್ರಮ ಬರುವುದೇ ಇಲ್ಲ. ಪಂಕ್ತಿಯಲ್ಲಿ ನಾಲ್ಕು ಜನ, ಹೋಳಿಗೆ ಎರಡು; ಭೇದ ಮಾಡಬಾರದು ಅಂದರೆ ಬಡಿಸುವವನು ಎಲ್ಲರಿಗೂ ಅರ್ಧರ್ಧ ಹಾಕುತ್ತಾನೆ, ಅಲ್ವಾ? ಕಂಪ್ಯೂಟರೂ ಹಾಗೇ. ಹರಳಿನ ಸಮಮಿತಿ ಉಳಿಸಿಕೊಂಡರೆ ನಾಲ್ಕೂ ಕಬ್ಬಿಣ ಒಂದೇ ಥರ, ಕರೆಂಟ್ ಹರಿಯುವ ಲೋಹ ಎಂದೇ ಉತ್ತರ ಬರುತ್ತದೆ. ಹಾಗಾಗಿ ಸಮಮಿತಿಯನ್ನು ನಾವೇ ಕೈಯಾರೆ ಮುರಿಯಬೇಕು. ನಾಲ್ಕರಲ್ಲಿ ಎರಡನ್ನು ಬೇರೆ ಜಾತಿ ಎಂದು ಹೆಸರಿಸಿದೆ. ಅವುಗಳ ಸುತ್ತಲಿನ ಆಮ್ಲಜನಕವನ್ನು ಸ್ವಲ್ಪ ಹೊರಕ್ಕೆ ತಳ್ಳಿದೆ, ಏಕೆಂದರೆ ಎಲೆಕ್ಟ್ರಾನ್ ಜಾಸ್ತಿ ಇರುವ ಕಬ್ಬಿಣ ಗಾತ್ರದಲ್ಲಿ ದೊಡ್ಡದು. ಕಬ್ಬಿಣದಲ್ಲಿ ಈ ಎಲೆಕ್ಟ್ರಾನ್ ಕೂರುವ ಡಿ ಕಕ್ಷಕ ಎಂಬ ಜಾಗಗಳಲ್ಲಿ ಯಾವುದು ತುಂಬಿರಬೇಕು ಎಂಬುದನ್ನೂ ಆರಂಭದಲ್ಲೇ ಸೂಚಿಸಿದೆ.

ಇದರ ಜೊತೆಗೆ ಹಬ್ಬರ್ಡ್ ಯು ಬೇಕು. ಒಂದೇ ಪರಮಾಣುವಿನಲ್ಲಿ ಎರಡು ಎಲೆಕ್ಟ್ರಾನ್ ಕೂತರೆ ತೆರಬೇಕಾದ ದಂಡ ಅದು. ಕಬ್ಬಿಣಕ್ಕೆ 4 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು ಹಾಕುವುದು ರೂಢಿ. ಯು ಇಲ್ಲದೆ ಆರಂಭಿಸಿದ ಲೆಕ್ಕದಲ್ಲಿ ನಾನು ಮಾಡಿಟ್ಟ ಭೇದವೆಲ್ಲ ಕರಗಿಹೋಯಿತು. ಯು ಹಾಕಿದ ಮೇಲೆ ನಿಂತಿತು, ಎಲೆಕ್ಟ್ರಾನ್‌ಗಳ ಶಕ್ತಿಪಟ್ಟಿಯಲ್ಲಿ ಅಂತರವೂ ತೆರೆಯಿತು, ಅಂದರೆ ಹರಳು ಕರೆಂಟ್ ಬಿಡದ ನಿರೋಧಕವಾಯಿತು.

ಫಲಿತಾಂಶ ಓದುವಾಗ ಪರಮಾಣುವಿನ ವಿದ್ಯುದಾವೇಶವನ್ನು ನೋಡುತ್ತಾ ಕೂರಬೇಡಿ. ಆಮ್ಲಜನಕ ಅದನ್ನು ಮುಚ್ಚಿಬಿಡುತ್ತದೆ, ವ್ಯತ್ಯಾಸ ತೀರಾ ಸಣ್ಣದು. ಕಾಂತತೆ ನೋಡಿ: ಒಂದು ಜೋಡಿ 3.6ರ ಹತ್ತಿರ, ಇನ್ನೊಂದು 4.1ರ ಹತ್ತಿರ ನಿಲ್ಲುತ್ತದೆ. ಇವೆಲ್ಲ ಕಾಂತತೆಯ ಅಳತೆಯಾದ ಬೋರ್ ಮ್ಯಾಗ್ನೆಟಾನ್‌ನಲ್ಲಿ. ಇಡೀ ಕೋಶದ ಮೊತ್ತ 8 ಬೋರ್ ಮ್ಯಾಗ್ನೆಟಾನ್ ಬರದಿದ್ದರೆ ಉಳಿದದ್ದನ್ನು ನಂಬುವ ಅಗತ್ಯವಿಲ್ಲ.

ಆದರೆ ಬಿತ್ತಿದ್ದನ್ನೇ ಬೆಳೆದ ಹಾಗಾಗಲಿಲ್ಲವೇ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಬೇರೆ ಬೇರೆ ಆರಂಭಗಳಿಂದ ಹೊರಟು ಒಟ್ಟು ಶಕ್ತಿಯನ್ನು ಹೋಲಿಸಬೇಕು. ಒಂದೇ ಸಲ ಓಡಿಸಿ ಬಂದ ಕ್ರಮವನ್ನು ನಾನು ಫಲಿತಾಂಶ ಎನ್ನುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ. ಇಷ್ಟು ಸೆಕೆಂಡಿಗೆ ಸ್ಥಿತಿ ಉಳಿಸಿ ನಿಲ್ಲು ಎಂದು ತಂತ್ರಾಂಶಕ್ಕೆ ಹೇಳಿಡಬಹುದು. ರಾತ್ರಿಯ ಲೆಕ್ಕವನ್ನು ತುಂಡು ತುಂಡಾಗಿಯೇ ಓಡಿಸುತ್ತೇನೆ.

ಈ ಪುಟ್ಟ ಕೋಶ ಲೋಹ ಹೇಗೆ ನಿರೋಧಕವಾಗುತ್ತದೆ ಎಂದು ತೋರಿಸಲು ಸಾಕು, ನಿಜವಾದ ವಿನ್ಯಾಸ ಹಿಡಿಯಲು ಸಾಲದು. 2012ರಲ್ಲಿ ಎಕ್ಸ್‌ರೇ ಮೂಲಕ ಕಂಡದ್ದು ಮೂರು ಕಬ್ಬಿಣಗಳ ಮೇಲೆ ಹರಡಿಕೊಂಡ ಎಲೆಕ್ಟ್ರಾನ್‌ಗಳನ್ನು. ಅದಕ್ಕೆ 112 ಪರಮಾಣುಗಳ ಕೋಶ ಬೇಕು, ನನ್ನ ಡೆಸ್ಕ್‌ಟಾಪಿನ ಮೆಮೊರಿ ಅಷ್ಟಕ್ಕೆ ಸಾಲದು.