ಕುದುರೆಯಿಂದ ಬಿದ್ದ ಮೇಲೆ ಮತ್ತೆ ಏರುವವರಿಗೆ

ಬಿದ್ದ ಕೂಡಲೇ ಮತ್ತೆ ಹತ್ತಬೇಕು, ಇಲ್ಲದಿದ್ದರೆ ಹೆದರಿಕೆ ಕೂತುಬಿಡುತ್ತದೆ ಅನ್ನುವವರಿದ್ದಾರೆ. ತಲೆಗೆ ಪೆಟ್ಟಾಗಿದ್ದರೆ ಆ ಮಾತು ಕೇಳಲೇಬೇಡಿ, ಡಾಕ್ಟರು ಸರಿ ಅಂದ ಮೇಲೆಯೇ ಹತ್ತಿ. ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಿಸಿ. ಒಳಗಿನ ಫೋಮ್ ಒಮ್ಮೆ ಕುಗ್ಗಿದರೆ ಎರಡನೇ ಪೆಟ್ಟು ತಡೆಯುವುದಿಲ್ಲ.

ನಮ್ಮ ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಜೀನಿನ ಚರ್ಮಕ್ಕೆ ಬೂಸ್ಟು ಹಿಡಿದು ಹೊಲಿಗೆಯ ನೂಲು ಕೊಳೆಯುತ್ತದೆ. ಕಾಲಿಡುವ ರಿಕಾಪಿನ ಪಟ್ಟಿ, ಕುದುರೆಯ ಹೊಟ್ಟೆಗೆ ಸುತ್ತಿ ಜೀನು ಬಿಗಿಯುವ ಹೊಟ್ಟೆಪಟ್ಟಿ ಎರಡನ್ನೂ ಬಗ್ಗಿಸಿ ನೋಡಿ. ಬಿರುಕು ಕಂಡರೆ ಬೇಡ. ಜೀನು ಹಾಕುವಾಗ ಕೆಲವು ಕುದುರೆಗಳು ಹೊಟ್ಟೆ ಉಬ್ಬಿಸುತ್ತವೆ. ಹಾಗಾಗಿ ಐದು ನಿಮಿಷ ನಡೆಸಿದ ಮೇಲೆ ಹೊಟ್ಟೆಪಟ್ಟಿ ಇನ್ನೊಮ್ಮೆ ಬಿಗಿ ಮಾಡಿ.

ಮೊದಲ ದಿನ ಸಾಧು ಕುದುರೆ, ತರಬೇತುದಾರರ ಕೈಯಲ್ಲಿ ಉದ್ದದ ಹಗ್ಗ, ಸುಮಾರು 15 ಮೀಟರ್ ಅಗಲದ ಸುತ್ತು, ಹದಿನೈದು ನಿಮಿಷ ಬರೀ ನಡಿಗೆ. ಕುದುರೆಯ ಕುತ್ತಿಗೆಗೊಂದು ಪಟ್ಟಿ ಕಟ್ಟಿಸಿ. ಹೆದರಿದಾಗ ಲಗಾಮು ಎಳೆಯುವ ಬದಲು ಅದನ್ನು ಹಿಡಿಯಬಹುದು, ಕುದುರೆಯ ಬಾಯಿಗೂ ನೋವಿಲ್ಲ.

ಹೆದರಿದ ಸವಾರ ಮುಂದಕ್ಕೆ ಬಗ್ಗಿ ಮೊಣಕಾಲು ಬಿಗಿಯುತ್ತಾನೆ. ಆಗ ಮೈ ಜೀನಿನಿಂದ ಮೇಲೇಳುತ್ತದೆ, ಹಿಮ್ಮಡಿ ಕುದುರೆಯ ಹೊಟ್ಟೆಗೆ ಒತ್ತುತ್ತದೆ, ಕುದುರೆಗೆ ಅದು ಓಡು ಅಂದ ಹಾಗೆ. ಬೆನ್ನು ನೆಟ್ಟಗಿರಲಿ, ನೋಟ ಕುದುರೆಯ ಕಿವಿಗಳ ನಡುವಿನಿಂದ ದೂರಕ್ಕಿರಲಿ. ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಆರಕ್ಕೆ ಹೊರಗೆ. ಬಾಯಿಬಿಟ್ಟು ಎಣಿಸಿದರೆ ಉಸಿರು ಕಟ್ಟುವುದೇ ಇಲ್ಲ.

ನಿಲ್ಲಿಸುವುದು ಹತ್ತಕ್ಕೆ ಹತ್ತು ಸಲ ಸಲೀಸಾದ ಮೇಲೆ ಟ್ರಾಟ್, ಅಂದರೆ ನಡಿಗೆಗಿಂತ ವೇಗದ ಕುಲುಕು ಓಟ, ಶುರು ಮಾಡಿ. ಪಣಂಬೂರು, ಮಲ್ಪೆಯ ಬೀಚಿಗೆ ಅವಸರ ಬೇಡ ಮಾರಾಯ್ರೆ. ಗಾಳಿಪಟ, ಅಲೆ, ಮಕ್ಕಳ ಕೂಗಿಗೆ ಕುದುರೆ ಬೆಚ್ಚುತ್ತದೆ. ಬೇಲಿಯೊಳಗೆ ಟ್ರಾಟ್ ಗಟ್ಟಿಯಾದ ಮೇಲೆ, ಜನರಿಲ್ಲದ ಬೆಳಿಗ್ಗೆ, ಇನ್ನೊಂದು ಹಳೇ ಕುದುರೆಯ ಹಿಂದೆ ಹೋಗಿ.